ಗಿರಾಕಿ ಕೆಲಸ

ಗೋಂದುವಿನ ಮಾನ ಹೋದದ್ದು ಒಂದು ಡಬಲ್ ಮಂಚದ ದೆಸೆಯಿಂದ.

ಆಸಾಮಿಗೆ ಆ ಹೆಸರು ಬಂದದ್ದು ಕೆಲಸದಿಂದ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಮೆಷಿನ್ನು ನೋಡಿಕೊಳ್ಳುತ್ತಿದ್ದ. ಜನ ಸಾಮಾನು ಕೊಳ್ಳುವುದು ಬಿಟ್ಟರು. ಸಾಮಾನೇ ಹೋಗದಿದ್ದರೆ ಪೆಟ್ಟಿಗೆ ಯಾತಕ್ಕೆ, ಪೆಟ್ಟಿಗೆ ಇಲ್ಲದ ಮೇಲೆ ಗೋಂದು ಯಾತಕ್ಕೆ? "ಆರ್ಡರ್ ಬಂದ್ರೆ ಫೋನ್ ಮಾಡ್ತೀವಿ" ಅಂತ ಮ್ಯಾನೇಜರು ಹೋದ ತಿಂಗಳೇ ಗೇಟಿನಾಚೆ ಕಳಿಸಿದ್ದ. ಮ್ಯಾನೇಜರನ ಕುರ್ಚಿ ಮಾತ್ರ ಒಳಗೇ ಇತ್ತು, ಅದು ಬೇರೆ ಮಾತು.

ಮನೆಯಲ್ಲಿ ಹೇಳಲು ಗೋಂದುವಿಗೆ ಬಾಯಿ ಬರಲಿಲ್ಲ. ಹೆಂಡತಿಯಾದರೋ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಗಟ್ಟಿ ಕೆಲಸದವಳು. ಅವಳ ಮುಂದೆ ಕೈ ಖಾಲಿ ಅಂತ ಹೇಗೆ ನಿಲ್ಲುವುದು? ದಿನಾ ಬೆಳಿಗ್ಗೆ ಯೂನಿಫಾರ್ಮ್ ತೊಟ್ಟು, ಅವಳು ಕಟ್ಟಿದ ಡಬ್ಬಿ ಹಿಡಿದು ಹೊರಡುತ್ತಿದ್ದ. ಪಾರ್ಕಿನಲ್ಲಿ ಕೂತು ಉಂಡು, ಸಂಜೆ ದಣಿದವನ ಹಾಗೆ ಕಾಲೆಳೆಯುತ್ತಾ ಬರುತ್ತಿದ್ದ. ಉಂಡ ಅನ್ನ ಗಂಟಲಲ್ಲಿ ಕಳ್ಳಮಾಲಿನಂತೆ ಇಳಿಯುತ್ತಿತ್ತು.

ಅವತ್ತೂ ಹೊರಟಾಗ ಎದುರುಮನೆಯ ಪೇಪರ್ ತಾತ ಜಗಲಿಯಿಂದಲೇ ಹಿಡಿದುಕೊಂಡ. ಬೀದಿಗೆಲ್ಲ ಕೇಳುವಂತೆ ಪೇಪರ್ ಓದುವುದು ಅವನ ಚಟ.

"ಲೋ ಗೋಂದು! ದೇಶದ ಆರ್ಥಿಕತೆ ಚೇತರಿಸ್ಕೊಂಡಿದೆಯಂತೆ ಕಣೋ. ವ್ಯಾಪಾರಿಗಳಿಗೆಲ್ಲ ವಿಶ್ವಾಸ ಬಂದಿದೆಯಂತೆ. ನಿಮ್ಮಲ್ಲೂ ಜೋರಾ?"

"ಭಾರೀ ಜೋರು ತಾತ. ಬರೀ ಓವರ್‌ಟೈಮು." ತನ್ನ ನಾಲಿಗೆಗೇ ಗೋಂದು ಮೆತ್ತಿದಂತಾಯಿತು.

ಸರ್ಕಲ್ಲಿನಲ್ಲಿ ಕೂಲಿಯಾಳುಗಳನ್ನು ಒದಗಿಸುವ ಮೇಸ್ತ್ರಿ ಕೈ ಬೀಸಿ ಕರೆದ. "ಒಂದಿನದ ಕೆಲಸ ಇದೆ, ಬರ್ತೀಯಾ?"

"ಲೋಡಿಂಗಾ?"

"ಅಲ್ಲ, ಗಿರಾಕಿ ಕೆಲಸ."

ಹೋಗಿ ನೋಡಿದರೆ ದೊಡ್ಡ ಫರ್ನಿಚರ್ ಅಂಗಡಿ. ಸೋಫಾಗಳೆಲ್ಲ ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. ಮಾಲೀಕ ಮದುವೆ ಮುರಿದ ಮನೆಯ ಯಜಮಾನನಂತೆ ಒಳಗೂ ಹೊರಗೂ ಓಡಾಡುತ್ತಿದ್ದ.

"ಕಂಪನಿಯ ದೊಡ್ಡ ಸಾಹೇಬರು ಬರ್ತಾ ಇದಾರೆ ಕಣಯ್ಯಾ. ಅಂಗಡಿ ಖಾಲಿ ಕಂಡ್ರೆ ಏಜೆನ್ಸಿ ಕಿತ್ಕೊಳ್ತಾರೆ. ನೀನು ಈ ಡಬಲ್ ಮಂಚ ಕೊಳ್ಳೋನು. ದುಡ್ಡು ಬಿಚ್ಚೋದು ಬೇಡ, ಕೊಳ್ಳೋ ಮುಖ ಮಾಡಿದ್ರೆ ಸಾಕು."

"ಕೊಳ್ಳೋ ಮುಖ ಹೇಗಿರುತ್ತೆ ಸಾರ್?"

ಮಾಲೀಕ ಯೋಚಿಸಿದ. "ನಾನೂ ನೋಡಿ ಬಹಳ ದಿನ ಆಯ್ತು."

ಯೂನಿಫಾರ್ಮಿನ ಮೇಲೆ ತನ್ನದೇ ಕೋಟು ತೊಡಿಸಿ ಗೋಂದುವನ್ನು ಮಂಚದ ಮೇಲೆ ಕೂರಿಸಿದ. ಹಿಂದೆ ಸರಿದು ನೋಡಿದವನೇ ಹಣೆ ಚಚ್ಚಿಕೊಂಡ. "ಥೂ, ಒಂಟಿ ಗಂಡಸು ಡಬಲ್ ಮಂಚ ಕೊಳ್ತಾನೇನಯ್ಯಾ?" ಅಂದು ಮೇಸ್ತ್ರಿಗೆ ಫೋನ್ ಹಚ್ಚಿದ. "ಇವನಿಗೊಂದು ಹೆಂಡ್ತಿ ಕಳಿಸು, ಬೇಗ!"

ಗೋಂದು ಸ್ಪ್ರಿಂಗಿನಂತೆ ಎದ್ದ. "ಅಯ್ಯೋ ಸಾರ್, ನಂಗೆ ಮನೇಲಿ ಹೆಂಡ್ತಿ ಇದಾಳೆ! ಗೊತ್ತಾದ್ರೆ ಸಿಗಿದು ಹಾಕ್ತಾಳೆ."

"ಪಕ್ಕದಲ್ಲಿ ಕೂತ್ಕೋ ಅಂದೆ, ಸಂಸಾರ ಮಾಡು ಅಂದ್ನಾ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ಪೇಪರ್ ತಾತ! ಬಿಸಿಲು ಏರಿದರೆ ಏಸಿ ಇರುವ ಅಂಗಡಿಗೆ ನುಗ್ಗಿ ಗಾಳಿ ತಿಂದು ಹೋಗುವುದು ಅವನ ಇನ್ನೊಂದು ಚಟ. ಗೋಂದು ಹಿಂದೆಮುಂದೆ ನೋಡದೆ ಎದುರಿಗಿದ್ದ ಬಟ್ಟೆ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡ.

ಒಳಗೆ ಕತ್ತಲು. ಇಡೀ ತಿಂಗಳು ತಾನು ಇಂಥದೇ ಬೀರುವಿನಲ್ಲಿ ಬದುಕಿದ್ದೇನೆ ಅನ್ನಿಸಿ ಅವನ ಮುಖ ಕತ್ತಲಲ್ಲೂ ಬಿಸಿಯಾಯಿತು.

ಹೊರಗೆ ಬೂಟಿನ ಸದ್ದು. ಸಾಹೇಬರು ಬಂದರು. ಬಂದವರು ಮೊದಲು ಮುಟ್ಟಿದ್ದೇ ಆ ಬೀರುವಿನ ಹಿಡಿಯನ್ನು.

"ಯಾರ್ರೀ ಇದು?"

ಗೋಂದು ಕೋಟು ಸರಿಮಾಡಿಕೊಂಡ. "ಗಿರಾಕಿ ಸಾರ್. ಒಳಗೆ ಜಾಗ ಚೆನ್ನಾಗಿದೆ."

"ತುಂಬಾ ಪರೀಕ್ಷೆ ಮಾಡಿ ಕೊಳ್ಳೋ ಜನ ಸಾರ್ ಇವರು," ಮಾಲೀಕ ಬೆವರೊರೆಸಿಕೊಂಡ. "ಡಬಲ್ ಮಂಚಾನೂ ತಗೋತಿದಾರೆ. ಓ, ಇವರ ಮನೆಯವರೂ ಬಂದ್ರಲ್ಲ!"

ತುಟಿಗೆ ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ, ಹೆಗಲಿಗೆ ಯಾರದೋ ದೊಡ್ಡ ಬ್ಯಾಗು. ಹೆಂಗಸು ಬಂದು ಮಂಚದ ಮೇಲೆ ಕೂತಳು. ಗೋಂದು ತಲೆ ತಗ್ಗಿಸಿ ಪಕ್ಕದಲ್ಲಿ ಕೂತ. ಮೊದಲು ಕಂಡದ್ದು ಅವಳ ಚಪ್ಪಲಿ. ಹರಿದ ಬಾರಿಗೆ ಅವನೇ ಕಾರ್ಖಾನೆಯ ಗೋಂದು ಹಚ್ಚಿ ಕೂರಿಸಿದ್ದ ಚಪ್ಪಲಿ.

ಬಾಡಿಗೆ ಹೆಂಡತಿ ಕನ್ನಡಕ ಇಳಿಸಿದಳು. ಸ್ವಂತ ಹೆಂಡತಿ.

"ನೀವು ಓವರ್‌ಟೈಮಲ್ಲಿ..." ಅವಳು ಪಿಸುಗುಟ್ಟಿದಳು.

"ನೀನು ಫ್ಯಾಕ್ಟರೀಲಿ..."

"ನಮ್ಮ ಲೈನ್ ಮುಚ್ಚಿಬಿಟ್ರು. ಹೇಳೋಣ ಅಂತಾನೇ ಇದ್ದೆ."

"ಯಾವಾಗ?"

"ನಿಮ್ಮ ಓವರ್‌ಟೈಮ್ ಮುಗಿದ ಮೇಲೆ."

ಅವಳು ಮಂಚದ ಈ ತುದಿಗೆ ಸರಿದು ಗೋಡೆ ನೋಡಿದಳು, ಅವನು ಆ ತುದಿಗೆ ಸರಿದು ನೆಲ ನೋಡಿದ. ನಡುವೆ ಇನ್ನೊಂದು ಸಂಸಾರ ಮಲಗುವಷ್ಟು ಜಾಗ ಬಿತ್ತು.

ಸಾಹೇಬರು ನಕ್ಕರು. "ಊರೂರು ಅಂಗಡಿ ತಿರುಗಿದೋನು ಕಣ್ರೀ ನಾನು. ಇವರು ಗಂಡ ಹೆಂಡ್ತೀನಾ? ಒಬ್ಬರ ಮುಖ ಒಬ್ಬರು ನೋಡೋಕೆ ನಾಚ್ಕೊಂಡು ಸಾಯ್ತಿದಾರೆ! ಬಾಡಿಗೆಗೆ ತಂದ್ರೂ ಸ್ವಲ್ಪ ಚೆನ್ನಾಗಿರೋರನ್ನ ತರಬಾರ್ದಾ?"

"ಇಲ್ಲ ಸಾರ್, ನಾವು ನಿಜವಾಗ್ಲೂ..." ಗೋಂದು ತೊದಲಿದ.

ಅಷ್ಟು ಹೊತ್ತೂ ಆರಾಮಕುರ್ಚಿಯಲ್ಲಿ ಗಾಳಿ ತಿನ್ನುತ್ತಿದ್ದ ತಾತ ದಢಕ್ಕನೆ ಎದ್ದು ಬಂದ. "ಏನ್ ಸ್ವಾಮೀ, ಮರ್ಯಾದಸ್ಥರ ಮೇಲೆ ಅನುಮಾನಾನಾ? ನಮ್ಮ ಎದುರುಮನೆ ದಂಪತಿ ಇವರು! ಇಬ್ಬರಿಗೂ ಗಟ್ಟಿ ಕೆಲಸ. ಇವನಿಗಂತೂ ಬಿಡುವಿಲ್ಲದ ಓವರ್‌ಟೈಮು. ದೇಶಕ್ಕೆ ವಿಶ್ವಾಸ ಬಂದಿದೆ, ಪೇಪರ್ ಓದಲ್ವಾ ನೀವು?"

ಸಾಹೇಬರು ತಾತನನ್ನು ಮೇಲಿಂದ ಕೆಳಗೆ ನೋಡಿ ಮಾಲೀಕನ ಕಡೆ ತಿರುಗಿದರು. "ಈ ಮುದುಕನಿಗೂ ಕೂಲಿ ಕೊಟ್ಟಿದೀರಾ? ಜಾಸ್ತಿ ಆಯ್ತು." ಹಾಗೆಂದವರೇ ಕಂಪನಿಯ ಬೋರ್ಡು ಇಳಿಸಲು ಹೇಳಿ ಹೊರಟೇಹೋದರು.

ಮಾಲೀಕ ಗೋಂದುವಿನ ಮೈಮೇಲಿಂದ ಕೋಟು ಎಳೆದುಕೊಂಡ. "ಗಂಡ ಹೆಂಡ್ತಿ ಹಾಗೆ ಸುಮ್ನೆ ಕೂತ್ಕೊಳ್ಳೋಕೂ ಬರಲ್ವೇನ್ರಯ್ಯಾ ನಿಮಗೆ? ನಡೀರಿ ಆಚೆ! ಇಬ್ಬರಿಗೂ ಕೆಲಸ ಇಲ್ಲ."

ಇಬ್ಬರೂ ಮೆಟ್ಟಿಲಿಳಿದರು. ಹೆಂಡತಿ ಕೈಯ ಹಿಂಬದಿಯಿಂದ ತುಟಿಯ ಬಣ್ಣ ಉಜ್ಜಿಕೊಂಡಳು. ಅದು ಹೋಗುವ ಬದಲು ಕೆನ್ನೆಗೂ ಹರಡಿತು. ಅವನು ಡಬ್ಬಿ ಅವಳ ಕಡೆ ಚಾಚಿದ. ಅವಳು ತಗೊಳ್ಳಲಿಲ್ಲ, ದೂರವೂ ಸರಿಯಲಿಲ್ಲ.

ಹಿಂದಿನಿಂದ ತಾತ ಏದುಸಿರು ಬಿಡುತ್ತಾ ಬಂದ. "ಅಲ್ಲ ಕಣ್ರೋ, ನನ್ನನ್ನೂ ಕೂಲಿ ಅಂದ್ಬಿಟ್ನಲ್ಲೋ ಅವನು! ಅದಿರ್ಲಿ, ಇವತ್ತೇನು ಇಬ್ಬರಿಗೂ ಒಟ್ಟಿಗೇ ರಜಾನಾ?"

"ಹೂಂ ತಾತ," ಇಬ್ಬರೂ ನೆಲ ನೋಡಿದರು.

"ಮತ್ತೆ ನಾಳೆ?"

ಗಂಡ ಹೆಂಡತಿ ಅವತ್ತು ಮೊದಲ ಸಲ ಕಣ್ಣು ತಪ್ಪಿಸದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು:

"ಓವರ್‌ಟೈಮು."