ದುಮಾನನ ಏಳು ತಲೆಮಾರು

ಇಷ್ಟಕ್ಕೆಲ್ಲ ಮೂಲ ಚಹಾದಂಗಡಿ ವೆಯ್ಸೆಲ್‌ನ ಬಾಯಿ. ಕಾಂಗಾಲ್ ಪೇಟೆಗೆ ಸಕ್ಕರೆ ತರಲು ಹೋದವನು ಸಕ್ಕರೆ ಕಟ್ಟಿಸಿಕೊಂಡು ಸುಮ್ಮನೆ ವಾಪಸು ಬರಬೇಕಿತ್ತು. ಅಲ್ಲಿ ಪಕ್ಕದೂರಿನವನೊಬ್ಬ ಸಿಕ್ಕಿ, "ನಿಮ್ಮ ಗೊಕ್ಚೆಬೆಲ್‌ನಲ್ಲಿ ನಾಯಿ ಎಲ್ಲಿವೆ ಮಾರಾಯ? ಬೊಗಳೋ ಕುರಿಗಳು ತಾನೆ ಇರೋದು?" ಎಂದು ಕೆಣಕಿದ. ವೆಯ್ಸೆಲ್‌ಗೆ ಮೈಯೆಲ್ಲ ಉರಿದುಹೋಯಿತು. "ನಮ್ಮೂರ ಕುರಿ ಕಾಯೋ ರಿಫ್ಕಿ ಹತ್ರ ದುಮಾನ್ ಅಂತ ಒಂದಿದೆ, ಬಂದು ನೋಡು. ಏಳು ತಲೆಮಾರಿನಿಂದ ಒಂದು ತೊಟ್ಟು ಹೊರಗಿನ ರಕ್ತ ಬೆರೆತಿಲ್ಲ" ಎಂದುಬಿಟ್ಟ. ಆ ಮಾತು ಬಾಯಿಂದ ಬಾಯಿಗೆ ದಾಟಿ ಬೋಜ್‌ತೆಪೆಯ ನಾಯಿ ತಳಿಕೇಂದ್ರದವರ ಕಿವಿಗೂ ಬಿತ್ತು.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಊರಿನ ಮೈಕಿನಲ್ಲಿ ಮುಖ್ತಾರ್ ತಾಹ್ಸಿನ್‌ನ ದನಿ ಮೊಳಗಿತು. ಊರಿನ ಯಜಮಾನಿಕೆ ಅವನದೇ ಆದ್ದರಿಂದ ಮೈಕೂ ಅವನದೇ. "ಎಲ್ಲರೂ ಕೇಳಿಸ್ಕೊಳ್ಳಿ. ಇವತ್ತು ಮಧ್ಯಾಹ್ನ ತಳಿಕೇಂದ್ರದಿಂದ ಡಾಕ್ಟರು ಬರ್ತಿದ್ದಾರೆ. ದುಮಾನ್ ಅಪ್ಪಟ ಕಾಂಗಾಲ್ ತಳಿ ಅಂತ ಒಪ್ಪಿಗೆಯಾದ್ರೆ ಮರಿ ಹಾಕಿಸೋಕೆ ಕರ್ಕೊಂಡು ಹೋಗ್ತಾರೆ. ಹೆದ್ದಾರಿ ಮೇಲೆ ನಮ್ಮೂರಿನ ಹೆಸರಲ್ಲಿ ಬೋರ್ಡು ಬರುತ್ತೆ. ಮನೆ ಮುಂದೆ ಗುಡಿಸ್ಕೊಳ್ಳಿ. ರಿಫ್ಕಿ, ನೀನು ಗಡ್ಡ ಬೋಳಿಸ್ಕೋ."

ದೊಡ್ಡಿಯಲ್ಲಿ ಕುರಿಯ ಗೊರಸು ಕತ್ತರಿಸುತ್ತಿದ್ದ ರಿಫ್ಕಿಯ ಕೈ ಅಲ್ಲೇ ನಿಂತಿತು. ಬೋರ್ಡು, ಗಡ್ಡ ಯಾವುದೂ ಅವನಿಗೆ ಕೇಳಿಸಲಿಲ್ಲ. ಕರ್ಕೊಂಡು ಹೋಗ್ತಾರೆ ಎಂಬುದೊಂದೇ ಕೇಳಿಸಿತು.

ಮರುದಿನ ನಸುಕಿಗೆ ಊರಿನ ಕುರಿಗಳನ್ನೆಲ್ಲ ಬೆಟ್ಟದ ಹುಲ್ಲುಗಾವಲಿಗೆ ಹೊಡೆಯಬೇಕಿತ್ತು. ಇನ್ನು ಶರತ್ಕಾಲದವರೆಗೆ ಅಲ್ಲಿ ಅವನು, ಕುರಿಗಳು ಮತ್ತು ತೋಳಗಳು. ನಡುವೆ ದುಮಾನ್. ಹೋದ ವರ್ಷ ಎರಡು ತೋಳಗಳಿಗೆ ಒಂಟಿಯಾಗಿ ಎದುರು ನಿಂತು ಒಂದನ್ನು ಕೆಡವಿದ ಮೇಲೆಯೇ ಅದರ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಬಿದ್ದಿದ್ದು. ತೋಳ ಕೆಡವದ ನಾಯಿಗೆ ಆ ಸೀಮೆಯಲ್ಲಿ ಯಾರೂ ಆ ಪಟ್ಟಿ ಕಟ್ಟುವುದಿಲ್ಲ. ಇಷ್ಟೆಲ್ಲ ಇದ್ದೂ ಊರೊಳಗೆ ಕೋಳಿ ಬಂದು ಬೆನ್ನ ಮೇಲೆ ಕುಳಿತರೂ ಏಳದ ಪ್ರಾಣಿ ಅದು. ರಿಫ್ಕಿಗೆ ಮಕ್ಕಳಿರಲಿಲ್ಲ. ದುಮಾನ್ ಎಂದರೆ ಅವನಿಗೆ ಜೀವ, ಇದನ್ನು ಮುಚ್ಚಿಡುವ ಅಭ್ಯಾಸವೂ ಅವನಿಗಿರಲಿಲ್ಲ.

ಆದರೆ ಸ್ವಲ್ಪ ಹೊತ್ತಿಗೆ ಅವನ ಮುಖ ಗೆಲುವಾಯಿತು. "ಅಯ್ಯೋ, ನಾನ್ಯಾಕೆ ಹೆದರ್ಲಿ?" ಎಂದು ಹೆಂಡತಿ ಹಾಜೆರ್‌ಗೆ ಹೇಳಿದ. "ಇವನು ಅಪ್ಪಟ ಅಲ್ಲವೇ ಅಲ್ವಲ್ಲ! ಇವನಜ್ಜಿ ಸಕ್ಕರೆಗೆಡ್ಡೆ ಲಾರಿಯಿಂದ ಇಳಿದು ಬಂದವಳು. ಅಪ್ಪ ಯಾರೂಂತ ಆ ದೇವರಿಗೇ ಗೊತ್ತು. ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಟ್ರೆ ಆಯ್ತು."

"ಇದ್ದದ್ದು ಹೇಳೋಕೆ ಊರವರು ಬಿಡಬೇಕಲ್ಲ" ಎಂದಳು ಹಾಜೆರ್.

ಅವಳ ಮಾತು ಮುಗಿಯುವ ಮುಂಚೆ ಊರು ಬಾಗಿಲಿಗೆ ಬಂದಿತ್ತು. ಮುಂದೆ ಮುಖ್ತಾರ್, ಅವನ ಹಿಂದೆ ವೆಯ್ಸೆಲ್, ಅವನ ಹಿಂದೆ ಕಂಬಳಿ ನೇಯುವ ಸೆನೆಮ್ ಅತ್ತೆ. ಅತ್ತೆಯ ಕೈಯಲ್ಲಿ ಹಬೆಯಾಡುವ ತಪ್ಪಲೆ. ಅದರೊಳಗೆ ಅಕ್ರೋಟಿನ ಸಿಪ್ಪೆ ಕುದಿಸಿದ ಬಣ್ಣ. ಉಣ್ಣೆಗೆ ಹಾಕಿದರೆ ಮೊಮ್ಮಕ್ಕಳ ಕಾಲದವರೆಗೂ ಬಿಡದ ಬಣ್ಣ.

"ಮಗಾ, ಇವನ ಪಕ್ಕೇಲಿ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಇದೆಯಲ್ಲ, ಅದನ್ನ ಮೊದಲು ಮುಗಿಸ್ಬಿಡೋಣ" ಎಂದಳು ಅತ್ತೆ.

"ಅತ್ತೆ, ಬೇಡ. ಅವನು ಬೆರಕೆ. ನಾನು ಹಾಗೇ ಹೇಳ್ತೀನಿ."

ಮುಖ್ತಾರ್ ಅವನ ಹೆಗಲ ಮೇಲೆ ಕೈಯಿಟ್ಟ. ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ, "ರಿಫ್ಕಿ, ಆ ಮಾತು ನಿನ್ನ ಬಾಯಲ್ಲಿ ಬರಬಾರದು. ಇದು ನಿನ್ನ ನಾಯಿ ವಿಷಯ ಅಲ್ಲ, ಊರಿನ ಮಾನದ ವಿಷಯ" ಎಂದ.

"ಊರಿನ ಮಾನ ನಾಯಿ ಪಕ್ಕೆ ಮೇಲೆ ಯಾವಾಗ ಬಂತು ಮಾಮ?"

"ವೆಯ್ಸೆಲ್ ಬಾಯಿ ಬಿಟ್ಟ ದಿವಸ ಬಂತು. ಬಂದಾಯ್ತಲ್ಲ, ಇನ್ನೇನು ಮಾಡೋದು?"

ಬಣ್ಣ ಹಚ್ಚಿದರು. ಕಾಂಗಾಲ್ ಎಂದರೆ ಮೋರೆ ಕಪ್ಪಗಿರಬೇಕು. ದುಮಾನ್‌ಗೆ ಎಡಗಡೆ ಮಾತ್ರ ಕಪ್ಪು, ಬಲಗಡೆ ಗೋಧಿ ಹಿಟ್ಟಿನ ಬಣ್ಣ. ಅಲ್ಲಿಗೆ ಕುರಿಯ ಬಾಲದ ಕೊಬ್ಬಿನಲ್ಲಿ ಪಾತ್ರೆಯ ಮಸಿ ಕಲಸಿ ಬಳಿದರು. ಅಷ್ಟು ಜನ ಕೈಹಾಕಿದರೂ ದುಮಾನ್ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವ ಅಜ್ಜನಂತೆ ಕಣ್ಣು ಮುಚ್ಚಿ ಕುಳಿತಿತ್ತು. ಇತ್ತ ವೆಯ್ಸೆಲ್ ದುಮಾನ್‌ನ ಅಪ್ಪ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ಊರವರಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದ. ಐದನೆಯ ತಲೆಮಾರಿಗೆ ನಾಯಿಯ ಹೆಸರು ಹೊಳೆಯದೆ ತನ್ನ ಮಾವನ ಹೆಸರನ್ನೇ ಇಟ್ಟ.

ಎಲ್ಲರೂ ಹೋದ ಮೇಲೆ ರಿಫ್ಕಿ ನಾಯಿಯನ್ನು ಹಳ್ಳಕ್ಕೆ ಕರೆದೊಯ್ದು ಬೂದಿ ಹಾಕಿ ಉಜ್ಜಿದ. ಅಕ್ರೋಟಿನ ಬಣ್ಣ ಹೋಗುವ ಬದಲು ಇನ್ನಷ್ಟು ಹೊಳೆಯತೊಡಗಿತು. ಅವನ ಎರಡು ಕೈಯೂ ಮೊಣಕೈವರೆಗೆ ಕಂದು ಬಣ್ಣಕ್ಕೆ ತಿರುಗಿದವು. ಮೋರೆಯ ಮಸಿ ತೊಳೆಯಬೇಕು ಎನ್ನುವಷ್ಟರಲ್ಲಿ ಮುಖ್ತಾರ್ ಹಿಂದಿನಿಂದ ಬಂದು ಕೊರಳಪಟ್ಟಿ ಹಿಡಿದ. ನಾಯಿಯದಲ್ಲ, ರಿಫ್ಕಿಯದು.

ಇನ್ನುಳಿದದ್ದು ಒಂದೇ ದಾರಿ. ಬಣ್ಣ ಅಪ್ಪಟವಾದರೂ ಗುಣ ಕೆಟ್ಟದ್ದು ಎಂದು ತೋರಿಸಿದರೆ? ರಿಫ್ಕಿ ದೊಡ್ಡ ಬೋಗುಣಿ ತುಂಬ ಬಾರ್ಲಿ ಹಿಟ್ಟಿನ ಮುದ್ದೆ ಕಲಸಿಟ್ಟ. ಮೂರು ದಿನದ ಪಾಲನ್ನು ಒಂದೇ ಸಲ ತಿಂದ ದುಮಾನ್ ಹೊಟ್ಟೆ ಬಿರಿಯುವಂತಾಗಿ ದೊಡ್ಡಿಯ ಬಾಗಿಲಲ್ಲಿ ಉರುಳಿತು.

ಮಧ್ಯಾಹ್ನ ವ್ಯಾನು ಬಂತು. ಇಳಿದವರು ಇಬ್ಬರು: ಬಿಳಿ ಕೋಟಿನ ಡಾಕ್ಟರ್ ನಿಲ್ಗುನ್, ಮತ್ತು ನಾಯಿಗಳ ನಡುವೆಯೇ ತಲೆ ನರೆತ ಕೇಂದ್ರದ ಹಿರಿಯ ಹುಲೂಸಿ ಬೇ. ಮುಖ್ತಾರ್ ಸ್ವಾಗತದ ಮಾತು ಶುರು ಮಾಡಿದ. ಡಾಕ್ಟರಮ್ಮ ಅದನ್ನು ಕೇಳುತ್ತಲೇ ನಾಯಿಯ ಸುತ್ತ ಒಂದು ಸುತ್ತು ಬಂದರು.

"ಇದರ ಅಪ್ಪ ಅಮ್ಮ?"

"ಅಪ್ಪಟ, ಡಾಕ್ಟರಮ್ಮ!" ಎಂದು ಊರು ಒಕ್ಕೊರಲಿನಿಂದ ಹೇಳಿತು. ವೆಯ್ಸೆಲ್ ತಲೆಮಾರು ಎಣಿಸತೊಡಗಿದ. ಐದನೆಯದಕ್ಕೆ ಬಂದಾಗ ಗುಂಪಿನಲ್ಲಿದ್ದ ಅವನ ಹೆಂಡತಿ, "ಏನು ಅಂದೆ? ಯಾರ ಹೆಸರು ಅಂದೆ?" ಎಂದು ತಲೆವಸ್ತ್ರ ಬಿಗಿದುಕೊಂಡು ಮುಂದೆ ಬಂದಳು. ಅವಳನ್ನು ಹಿಡಿದುಕೊಂಡರು.

ರಿಫ್ಕಿಗೆ ತಡೆಯಲಾಗಲಿಲ್ಲ. "ಎಲ್ಲ ಸುಳ್ಳು ಡಾಕ್ಟರಮ್ಮ! ಇವನು ಬೆರಕೆ. ಲಾರಿ ನಾಯಿ ಮೊಮ್ಮಗ. ನನ್ನ ಕೈ ನೋಡಿ, ಬಣ್ಣ ಹಚ್ಚಿದ್ದಾರೆ. ಇವನಿಗೆ ಕೆಚ್ಚೂ ಇಲ್ಲ, ರೋಷವೂ ಇಲ್ಲ. ಹೊಟ್ಟೆಬಾಕ, ಸೋಮಾರಿ."

"ಬಿಸಿಲು ತಲೆಗೇರಿದೆ ಪಾಪ" ಎಂದ ಮುಖ್ತಾರ್.

ಡಾಕ್ಟರಮ್ಮ ನಾಯಿಯ ಹತ್ತಿರ ಬಂದರು. ತಗಡಿನ ಡಬ್ಬವೊಂದನ್ನು ನಾಯಿಯ ಕಿವಿಯ ಹತ್ತಿರವೇ ಬಡಿದರು. ದುಮಾನ್ ಆಕಳಿಸಿತು. ಅದರ ಬಾಯಿಗೆ ಕೈಹಾಕಿ ಹಲ್ಲು ನೋಡಿದರು, ಕೈ ನೆಕ್ಕಿಸಿಕೊಂಡರು. "ನೋಡಿದ್ರಾ? ಕಳ್ಳ ಬಂದ್ರೂ ಹೀಗೇ ನೆಕ್ಕೋನು" ಎಂದು ರಿಫ್ಕಿ ಉತ್ಸಾಹದಿಂದ ಹೇಳಿದ. ಮುದ್ದು ಹೆಚ್ಚಾಗಿ ದುಮಾನ್ ತನ್ನ ಮೋರೆಯನ್ನು ಡಾಕ್ಟರಮ್ಮನ ಬಿಳಿ ಕೋಟಿಗೆ ಒರೆಸಿತು. ಬಲಗಡೆಯ ಕಪ್ಪೆಲ್ಲ ಕೋಟಿನ ಮೇಲೆ ಉಳಿಯಿತು. ಗೋಧಿ ಬಣ್ಣದ ಕೆನ್ನೆ ಊರಿನ ಮುಂದೆ ಬತ್ತಲಾಗಿ ನಿಂತಿತು.

ಊರವರೆಲ್ಲ ನೆಲ ನೋಡತೊಡಗಿದರು. ಸೆನೆಮ್ ಅತ್ತೆ ಮಾತ್ರ, "ಮೋರೆ ಕೆಲಸ ನಂದಲ್ಲ. ನಂದು ಪಕ್ಕೆ" ಎಂದಳು.

ಕೊನೆಯದಾಗಿ ಡಾಕ್ಟರಮ್ಮ ದೊಡ್ಡಿಯೊಳಗಿನ ಕುರಿಮರಿಯೊಂದರತ್ತ ಹೆಜ್ಜೆಯಿಟ್ಟರು. ಆ ಹೊಟ್ಟೆ ಹೊತ್ತುಕೊಂಡೇ ದುಮಾನ್ ಎದ್ದಿತು. ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಹೋಗಿ ಅವರಿಗೂ ಮರಿಗೂ ನಡುವೆ ನಿಂತಿತು. ಅವರು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ರಿಫ್ಕಿಯ ಎದೆ ಹಿಗ್ಗಿತು, ಆಮೇಲೆ ಏನೋ ನೆನಪಾಗಿ ಕುಗ್ಗಿತು.

ಡಾಕ್ಟರಮ್ಮ ಕೋಟು ಕೊಡವಿಕೊಂಡು ಹೇಳಿದರು. "ಸಂದೇಹವೇ ಇಲ್ಲ. ಬೆರಕೆ."

ಮುಖ್ತಾರ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವೆಯ್ಸೆಲ್ ಗುಂಪಿನ ಹಿಂದಕ್ಕೆ ಸರಿದ. ರಿಫ್ಕಿ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಡಾಕ್ಟರಮ್ಮ. ಬನ್ನಿ, ಕಾಫಿ ಕುಡೀರಿ" ಎಂದು ಮನೆಯೊಳಕ್ಕೆ ಕರೆದ. ಊರೂ ಹಿಂದೆಯೇ ನುಗ್ಗಿತು. ಹಾಜೆರ್ ನೊರೆ ಬರಿಸಿ ಕಾಫಿ ಕೊಟ್ಟಳು.

ಕಾಫಿ ಕುಡಿದು ಬಟ್ಟಲು ಕೆಳಗಿಟ್ಟ ಹುಲೂಸಿ ಬೇ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ಆ ಊರಿನಲ್ಲಿ ಕಾಫಿ ಕುಡಿದಾದ ಮೇಲೆ ಕೋಟಿನ ಗುಂಡಿ ಹಾಕಿಕೊಂಡು ನಿಲ್ಲುವುದು ಹೆಣ್ಣು ಕೇಳಲು ಬಂದ ಹಿರಿಯರು. "ಕಾವಲು ನಾಯಿಯನ್ನ ಯಾರೂ ಮಾರೋದಿಲ್ಲ, ಅದು ನನಗೆ ಗೊತ್ತು" ಎಂದರು. "ಅದಕ್ಕೇ ಬೆಲೆ ಮಾತಾಡೋಲ್ಲ. ಹಿರಿಯರ ಮುಂದೆ, ಮರ್ಯಾದೆಯಿಂದ, ನಿಮ್ಮ ಮನೆಯ ಮಗ ದುಮಾನ್‌ನನ್ನ ನಮ್ಮ ಮನೆಗೆ ಕೇಳ್ತಿದ್ದೇನೆ."

ಮುಖ್ತಾರ್‌ನ ಟೋಪಿ ತಲೆಗೆ ವಾಪಸು ಹೋಯಿತು. ಊರಿನ ಹಿರಿಯ ಅವನೇ. "ಕೊಟ್ವಿ, ಆಯ್ತು!" ಎಂದುಬಿಟ್ಟ.

"ಮಾಮ!" ಎಂದು ರಿಫ್ಕಿ ಕೂಗಿದ. "ಯಾರನ್ನ ಕೇಳಿ ಕೊಟ್ಟೆ? ಡಾಕ್ಟರಮ್ಮ, ಅವನು ಬೆರಕೆ ಅಂತ ನೀವೇ ಹೇಳಿದ್ರಲ್ಲ?"

"ಅದಕ್ಕೇ ಬೇಕಾಗಿರೋದು ರಿಫ್ಕಿ ಅಣ್ಣ" ಎಂದರು ಡಾಕ್ಟರಮ್ಮ. "ಅಪ್ಪಟ ನಾಯಿಗಳು ನಮ್ಮಲ್ಲಿ ತುಂಬಿ ತುಳುಕ್ತಿವೆ. ಅವುಗಳಲ್ಲೇ ಅಣ್ಣ ತಂಗಿ, ಅಜ್ಜ ಮೊಮ್ಮಗಳು ಅಂತ ಕೂಡಿಸಿ ಕೂಡಿಸಿ ಬುದ್ಧಿಯೇ ಕೆಟ್ಟಿದೆ. ಊಟ ಹಾಕೋ ಕೈಗೇ ಬಾಯಿ ಹಾಕ್ತವೆ." ಹುಲೂಸಿ ಬೇ ತೋಳು ಮೇಲೆತ್ತಿ ಮೊಣಕೈಯವರೆಗಿನ ಹೊಲಿಗೆ ತೋರಿಸಿದರು. "ಹೊರಗಿನ ರಕ್ತ ಬೇಕು, ಆದರೆ ಗುಣ ಹೀಗೇ ಇರಬೇಕು. ಬೆರಕೆ ನಾಯಿ ಇದೆಯಾ ಅಂತ ಕೇಳಿದ್ರೆ ಯಾವ ಊರೂ ಬಾಯಿ ಬಿಡೋಲ್ಲ. ಹಾಗಾಗಿ ಎಲ್ಲಿ ಅಪ್ಪಟ ಅಪ್ಪಟ ಅಂತ ಜೋರಾಗಿ ಕೂಗ್ತಾರೋ ಅಲ್ಲಿಗೆ ಹೋಗಿ ನೋಡ್ತೀವಿ. ಹನ್ನೊಂದು ಊರು ಸುತ್ತಿದ್ವಿ. ಸತ್ಯ ಹೇಳಿದವರು ನೀವೊಬ್ಬರೇ."

ಕಾಫಿ ಕುಡಿದಾಗಿತ್ತು, ಹಿರಿಯರು ಮಾತು ಕೊಟ್ಟಾಗಿತ್ತು. ಕೊಟ್ಟ ಮಾತು ಹಿಂತೆಗೆದುಕೊಂಡ ಮನೆಗೆ ಆಮೇಲೆ ಯಾರೂ ಕುರಿ ಒಪ್ಪಿಸುವುದಿಲ್ಲ. ರಿಫ್ಕಿ ದೊಡ್ಡಿಗೆ ಹೋಗಿ ದುಮಾನ್‌ನ ಬೆನ್ನು ತಬ್ಬಿಕೊಂಡು ಬಹಳ ಹೊತ್ತು ಕುಳಿತ. ಆಮೇಲೆ ಮುಳ್ಳಿನ ಪಟ್ಟಿಯನ್ನು ಬಿಚ್ಚದೆ ಹಾಗೆಯೇ ವ್ಯಾನು ಹತ್ತಿಸಿದ. ನಾಯಿ ಅವನ ಮಾತು ಮೀರುವುದಲ್ಲ, ಹತ್ತಿ ಕುಳಿತಿತು. ಹಾಜೆರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ತುಂಬಿದ ಪಾತ್ರೆ ಕೊಟ್ಟವರಿಗೆ ಖಾಲಿ ಪಾತ್ರೆ ವಾಪಸು ಕೊಡೋ ಜನ ನಾವಲ್ಲ" ಎಂದು ಹುಲೂಸಿ ಬೇ ವ್ಯಾನಿನ ಇನ್ನೊಂದು ಗೂಡಿನಿಂದ ಒಂದು ನಾಯಿಯನ್ನು ಎರಡು ಸರಪಳಿಯಲ್ಲಿ ಇಳಿಸಿದರು. ಕಪ್ಪು ಮೋರೆ, ಸುರುಳಿ ಬಾಲ, ಕರುವಿನಷ್ಟು ಎತ್ತರ. "ಇವನು ಪಾಶಾ. ಅಪ್ಪಟ. ಪ್ರಮಾಣಪತ್ರ ಇದೆ. ಕೊಂಚ ಮುಂಗೋಪಿ, ಆರು ತಿಂಗಳಲ್ಲಿ ಹೊಂದಿಕೊಳ್ತಾನೆ." ಅವರೇ ಅದನ್ನು ದೊಡ್ಡಿಯೊಳಗೆ ಬಿಟ್ಟು ಸರಪಳಿ ಕಳಚಿ ಗೋಡೆ ಹಾರಿ ಬಂದರು. ಆ ವಯಸ್ಸಿಗೆ ಆ ಹಾರಾಟ ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು.

ಊರಿಗೆ ಹಬ್ಬ. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಚಹಾದಂಗಡಿಯ ಗೋಡೆಗೆ ತೂಗುಹಾಕಿದರು. ಸಂಜೆ ಹಾಲು ಕರೆಯುವ ಹೊತ್ತಿಗೆ ರಿಫ್ಕಿ ಬೋಗುಣಿ ಹಿಡಿದು ದೊಡ್ಡಿಗೆ ಬಂದ. ಪಾಶಾ ಬಾಗಿಲಲ್ಲಿ ಎದ್ದು ನಿಂತಿತು. ರಿಫ್ಕಿ ಒಂದು ಹೆಜ್ಜೆ ಇಟ್ಟ. ಮರುಕ್ಷಣ ಅವನ ಪೈಜಾಮದ ಒಂದು ಕಾಲು ಪಾಶಾನ ಬಾಯಲ್ಲಿತ್ತು, ಅವನು ಗೋಡೆಯ ಮೇಲಿದ್ದ.

ಗಲಾಟೆ ಕೇಳಿ ಬಂದ ಮುಖ್ತಾರ್ ದೂರದಲ್ಲೇ ನಿಂತು ಕಣ್ತುಂಬ ನೋಡಿದ. "ಮಾಶಾಅಲ್ಲಾ! ರಕ್ತ ಅಂದ್ರೆ ಇದು ಕಣೋ. ಒಂದು ನರಪಿಳ್ಳೆ ಒಳಗೆ ಹೋಗೋ ಹಾಗಿಲ್ಲ."

"ಮಾಮ, ಕುರಿ ಕಾಯೋನು ನಾನು."

"ಇರಬಹುದು. ಅದು ಪಾಶಾಗೆ ಗೊತ್ತಾಗೋಕೆ ಆರು ತಿಂಗಳು ಬೇಕಲ್ಲ."

"ನಾಳೆ ನಸುಕಿಗೆ ಬೆಟ್ಟಕ್ಕೆ ಹೊಡೀಬೇಕು. ಹೇಗೆ ಹೊರಗೆ ತರ್ಲಿ?"

ಮುಖ್ತಾರ್ ಗಂಭೀರವಾಗಿ ಯೋಚಿಸಿದ. "ಮೈಕಿನಲ್ಲಿ ಹೇಳಿಸ್ತೀನಿ, ಯಾರಿಗಾದ್ರೂ ಉಪಾಯ ಹೊಳೆದ್ರೆ ಬರ್ಲಿ ಅಂತ" ಎಂದು ಹೊರಟುಹೋದ.

ಒಳಗೆ ಕುರಿಗಳು ಕೆಚ್ಚಲು ಬಿಗಿದು ಅರಚುತ್ತಿದ್ದವು. ರಿಫ್ಕಿ ದಪ್ಪ ಉಣ್ಣೆಯ ನಿಲುವಂಗಿಯನ್ನು ಗೋಡೆಯ ಹೊರಗೆ ಹಾಸಿ, ದುಮಾನ್ ಮಲಗುತ್ತಿದ್ದ ಜಾಗಕ್ಕೆ ಬೆನ್ನು ಮಾಡಿ ಕುಳಿತ. ಆ ರಾತ್ರಿ ತೋಳ ಬರಲಿಲ್ಲ. ಬಂದಿದ್ದರೆ ಪಾಶಾ ಒಂದು ಕುರಿಯನ್ನೂ ಮುಟ್ಟಗೊಡುತ್ತಿರಲಿಲ್ಲ. ಹೊರಗೆ ಸಿಗುತ್ತಿದ್ದವನು ರಿಫ್ಕಿ ಒಬ್ಬನೇ.