ಕತ್ತಿ ಬೀರುವಿನಲ್ಲಿದೆ

ಕೆಲವರಿಗೆ ಬೀಡಿ ಬಿಡುವುದು ಕಷ್ಟ, ಕೆಲವರಿಗೆ ಇಸ್ಪೀಟು. ನನಗೆ ಕತ್ತಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಕಾಫಿ ತೋಟಕ್ಕಿಳಿದವನು ನಾನು. ಅಂದಿನಿಂದ ಎದುರಿಗೆ ಸಿಕ್ಕ ಪೊದೆಯನ್ನು ಸವರದೆ ಮುಂದೆ ಹೋದವನಲ್ಲ. ನಮ್ಮ ಕಡೆ ತೋಟ ಎಷ್ಟು ಚೊಕ್ಕ ಇದೆ ಎನ್ನುವುದರ ಮೇಲೆಯೇ ಯಜಮಾನನ ಮರ್ಯಾದೆ. ಮೂಡಿಗೆರೆಯ ನೆಂಟರೊಬ್ಬರು ನನ್ನ ಗಿಡಗಳ ಬುಡ ನೋಡಿ, "ಇಲ್ಲಿ ಎಲೆ ಹಾಕಿ ಊಟ ಮಾಡಬಹುದು" ಎಂದಿದ್ದರು. ಆ ಮಾತನ್ನು ಮದುವೆ ಮನೆ, ತಿಥಿ ಮನೆ ಎನ್ನದೆ ಎಲ್ಲ ಕಡೆ ಹೇಳಿದ್ದೇನೆ.

ಇಂಥವನ ತೋಟದಲ್ಲೇ ಊರಿನ ಹಳ್ಳ ಹುಟ್ಟಬೇಕೇ. ಮೇಲಿನ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರೇ ನಮ್ಮ ಮನೆಗೂ ಕೆಳಗಿನ ಮನೆಗಳಿಗೂ ಕುಡಿಯಲು. ಆ ಒರತೆಯ ನೆತ್ತಿಯನ್ನೂ ನಾನು ವರ್ಷ ವರ್ಷ ನುಣ್ಣಗೆ ಬೋಳಿಸುತ್ತಿದ್ದೆ. ಒಂದು ವರ್ಷ ಶಿವರಾತ್ರಿ ಕಳೆಯುತ್ತಲೇ ಪೈಪು ಬರೀ ಗಾಳಿ ಊದತೊಡಗಿತು. ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತತೊಡಗಿದರು. ಊರವರು ಸಭೆ ಸೇರಿ, ಒರತೆಯ ಸುತ್ತ, ಹಳ್ಳದ ದಡದಲ್ಲಿ ಇನ್ನು ಯಾರೂ ಕತ್ತಿ ಆಡಿಸಬಾರದು, ಕಾಡು ತಾನಾಗಿ ಬೆಳೆಯಲಿ, ನೆರಳಿದ್ದರೆ ನೆಲ ನೀರು ಹಿಡಿದುಕೊಳ್ಳುತ್ತದೆ ಎಂದು ತೀರ್ಮಾನಿಸಿದರು. ಪಕ್ಕದ ತೋಟದ ಮಂಜಪ್ಪ, "ಹಳ್ಳ ಕಾಯೋ ಸಮಿತಿಗೆ ಇವನನ್ನೇ ಅಧ್ಯಕ್ಷ ಮಾಡಿ ಮಾರಾಯ್ರೆ. ಕಾಯಬೇಕಾದ್ದು ಇವನೊಬ್ಬನನ್ನೇ" ಎಂದ. ಅದನ್ನು ಹೊಗಳಿಕೆ ಎಂದುಕೊಂಡು ಒಪ್ಪಿದೆ.

ಮಳೆಗಾಲ ಮುಗಿಯುವಾಗ ದಡದ ತುಂಬ ಜರೀಗಿಡ, ವಾಟೆಬಿದಿರು, ಹೆಸರಿಲ್ಲದ ಬಳ್ಳಿ, ಎಲ್ಲ ಸೊಂಟದೆತ್ತರ. ನೋಡಿದರೆ ಅಂಗೈ ತುರಿಸುತ್ತಿತ್ತು. ದಾರಿಯಷ್ಟೇ ಬಿಡಿಸೋಣವೆಂದು ಒಂದು ಬೆಳಿಗ್ಗೆ ಕತ್ತಿ ಹುಡುಕಿದರೆ, ಇಲ್ಲ. ಕಡುಬು ಬೇಯಿಸುತ್ತಿದ್ದ ಹೆಂಡತಿ ಸರೋಜ ತಿರುಗದೆಯೇ, "ನನ್ನ ರೇಷ್ಮೆ ಸೀರೆ ಜೊತೆ ಬೀರುವಿನಲ್ಲಿದೆ. ಬೀಗದ ಕೈ ಕೇಳಬೇಡಿ" ಎಂದಳು.

"ಅಧ್ಯಕ್ಷನ ಮೇಲೇ ನಂಬಿಕೆ ಇಲ್ವಾ?"

"ಅಧ್ಯಕ್ಷರ ಮೇಲಿದೆ. ನಿಮ್ಮ ಕೈ ಮೇಲಿಲ್ಲ. ಬೇಸಿಗೇಲಿ ಕೊಡ ಹೊರೋದು ನಿಮ್ಮ ಸೊಂಟ ಅಲ್ಲವಲ್ಲ."

ಅಂದಿನಿಂದ ದಿನಾ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಆ ಪೊದೆಗಳ ಮುಂದೆ ನಿಂತು ಬರುತ್ತಿದ್ದೆ. ಕಾಫಿಗೆ ಗುಂಡಿ ತೋಡಿದರೂ ಅಷ್ಟು ಸುಸ್ತಾಗುವುದಿಲ್ಲ.

ಹೀಗೇ ಕೆಲವು ಮಳೆಗಾಲ ಹೋದವು. ಈ ಸಲ ಯುಗಾದಿ ಕಳೆದರೂ ಅಡಿಗೆಮನೆ ನಲ್ಲಿಯಲ್ಲಿ ಬೆರಳು ಗಾತ್ರ ನೀರಿದೆ. ಅದನ್ನು ನೋಡಲೆಂದೇ ಅತ್ತಿಗುಂಡಿ ಕಡೆಯ ಬೆಳೆಗಾರರು ಬಂದು, "ಅಧ್ಯಕ್ಷರೇ, ಇದಕ್ಕೆ ಏನೇನು ಮಾಡಿದ್ರಿ?" ಎಂದರು. ಏನೂ ಮಾಡಲಿಲ್ಲ ಎನ್ನಲು ನನ್ನ ಜಾಯಮಾನ ಒಪ್ಪಲಿಲ್ಲ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಕಾಫಿ ತಂದ ಸರೋಜ, "ಅವರು ಏನೂ ಮಾಡಿಲ್ಲ. ಮಾಡದ ಹಾಗೆ ನಾನು ನೋಡಿಕೊಂಡೆ" ಎಂದಳು. ಎಲ್ಲರೂ ಎದ್ದು ಅವಳಿಗೆ ಕೈಮುಗಿದರು. ನಾನೂ ಮುಗಿದೆ, ಅವಳಿಗೆ ಕಾಣದ ಹಾಗೆ.

ಅವರನ್ನು ಕಳಿಸುವ ನೆವದಲ್ಲಿ ಅಂಗಳದ ಮೂಲೆಯ ಒಂದು ಕಳೆಗಿಡವನ್ನು ಬೇರುಸಹಿತ ಕಿತ್ತು ಬಂದೆ. ಸಭೆಯ ತೀರ್ಮಾನ ಅಂಗಳಕ್ಕೆ ಅನ್ವಯಿಸುವುದಿಲ್ಲ; ಅಧ್ಯಕ್ಷರನ್ನು ಕೇಳಿಕೊಂಡೇ ಕಿತ್ತದ್ದು.