ಮಾಮಾನ ಸ್ಪ್ಯಾನಿಶ್, ಅತ್ತಿಯ ಒಡಪು

ನಮ್ಮ ಮಾಮಾ ಸ್ಪೇನ್ ದೇಶಕ್ಕೆ ಹೋಗುವ ಯೋಚನೆಯಲ್ಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಅಲ್ಲಿಯವರು ನಿಶ್ಚಿಂತೆಯಿಂದಿರಲಿ. ಅವನು ಈ ಜನ್ಮದಲ್ಲಿ ದಾಟಿದ ಅತಿ ದೊಡ್ಡ ನೀರೆಂದರೆ ಕೃಷ್ಣಾ ನದಿ. ಅದೂ ಬಸ್ಸಿನಲ್ಲಿ ಕೂತು, ನಿದ್ದೆ ಮಾಡುತ್ತಾ! ಆದರೂ ವಿಜಯಪುರದ ನಮ್ಮ ಓಣಿಯಲ್ಲಿ ಕೋಳಿ ಕೂಗುವ ಮೊದಲೇ ಸ್ಪ್ಯಾನಿಶ್ ಕೂಗುತ್ತದೆ.

ಮಾಮಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಮಗ್ಗಲು ಬದಲಿಸುವಾಗಲೂ ಇಂಗ್ಲಿಷಿನಲ್ಲೇ ನರಳುತ್ತಾನೆ ಎಂದು ನನ್ನ ಅವ್ವ ಹೇಳುತ್ತಾಳೆ. ನಾನು ಎಂ.ಎ. ಓದಲೆಂದು ತಿಕೋಟಾದಿಂದ ಬಂದು ಅವರ ಮನೆಯಲ್ಲಿದ್ದವಳು; ಓದು ಮುಗಿದರೂ ಹೋಗಿರಲಿಲ್ಲ. ಒಂದು ಮುಂಜಾನೆ ಅವನು ಡಬ್ಬಿಯಲ್ಲಿ ಜೋಳದ ಹಿಟ್ಟು ತೀರಿದ ಸುದ್ದಿ ಹೇಳುವವನಂತೆ ಹೇಳಿದ: "ಇಂಗ್ಲಿಷ್ ಮುಗೀತವ್ವಾ."

"ಭಾಷಾ ಮುಗಿಯೂದಂದ್ರೇನು ಮಾಮಾ?"

"ನನಗ ಮುಗೀತು. ಇನ್ನ ಸ್ಪ್ಯಾನಿಶ್ ಹಿಡೀತೇನಿ."

ಹಿಡಿದ ಹೊತ್ತಾದರೂ ಎಂಥದ್ದು! ಅದರ ಹಿಂದಿನ ಚಳಿಗಾಲದಲ್ಲಿ ಅತ್ತಿಗೆ, ಎಂದರೆ ಅವನ ಹೆಂಡತಿಗೆ, ಸಣ್ಣಗೆ ಲಕ್ವಾ ಹೊಡೆದಿತ್ತು. ಕೈಕಾಲು ಸುಧಾರಿಸಿದವು, ಮಾತು ಮಾತ್ರ ತಡವಾಗಿ ಬರುತ್ತಿತ್ತು. ವಾಕ್ಯದ ನಡುವೆ ಒಂದು ಶಬ್ದ ಎಲ್ಲೋ ಅಡಗಿ ಕೂತುಬಿಡುವುದು. ನೋಡಲು ಬಂದ ನೆಂಟರು ಸುಮ್ಮನಿರುತ್ತಾರೆಯೇ? "ನೀರ? ಗುಳಿಗಿ? ಚಾದರ ಬೇಕೇನ್ರಿ?" ಎಂದು ಒಂದೊಂದೇ ಶಬ್ದವನ್ನು ಕೂಸಿನ ಬಾಯಿಗೆ ತುತ್ತಿಟ್ಟಂತೆ ಇಡುವರು. ಅತ್ತಿ ಮೂರು ಸಲ ಅಲ್ಲವೆಂದು ತಲೆಯಾಡಿಸಿ, ನಾಲ್ಕನೆಯದಕ್ಕೆ ಎದ್ದು ಒಳಗೆ ಹೋಗುವಳು. ಬರಬರುತ್ತಾ ಬಂದವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಅವಳು ಯಾರೆಂದುಕೊಂಡಿರಿ? ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಒಡಪು ಹೇಳುವುದರಲ್ಲಿ ತಿಕೋಟಾದಿಂದ ಬಬಲೇಶ್ವರದ ತನಕ ಹೆಸರಾದವಳು! ಆರತಿ ಇರಲಿ, ಉಡಿ ತುಂಬುವುದಿರಲಿ, "ಗಂಡನ ಹೆಸರು ಹೇಳು" ಎಂದು ಹೆಂಗಸರು ಅಡ್ಡಗಟ್ಟಿದರೆ ಉಳಿದವರು ತಾಯಿಯಿಂದ ಕಲಿತ ಹಳೆಯದನ್ನೇ ಒಪ್ಪಿಸುತ್ತಾರೆ. ಅತ್ತಿ ನಿಂತ ನಿಲುವಿನಲ್ಲೇ ಹೊಸದನ್ನು ಕಟ್ಟುತ್ತಿದ್ದಳು. ಅಂಥವಳು ಈಗ, ಬಬಲೇಶ್ವರದಲ್ಲಿ ಮದುವೆಯ ನಿಶ್ಚಯವೊಂದು ಗೊತ್ತಾಗಿ, ಅದರಲ್ಲಿ ಸೋದರತ್ತಿಯಾಗಿ ಉಡಿ ತುಂಬಬೇಕಾದವಳು, "ನಾ... ಒಲ್ಲೆ" ಎಂದುಬಿಟ್ಟಳು. ಒಡಪು ಕೇಳಿಯೇ ಕೇಳುತ್ತಾರೆ. ಅಷ್ಟು ಜನರೆದುರು ಶಬ್ದ ಅಡಗಿ ಕೂತರೆ?

(ನಿಶ್ಚಯ ನನ್ನದೇ. ಅದರ ಬಗ್ಗೆ ಇಷ್ಟು ಸಾಕು.)

ಅವ್ವ ತನ್ನ ವೈನಿಯ, ಎಂದರೆ ಅತ್ತಿಯ, ಪರವಾಗಿ ಫೋನಿನಲ್ಲಿ ಸಿಡಿದಳು. "ಅಣ್ಣಾ, ವೈನಿಗೆ ನಾಕ ಮಾತು ಆಡಸೂದು ಬಿಟ್ಟು ನೀ ಯಾವ ದೇಶದ ಮಾತು ಆಡಾಕತ್ತೀ? ಬುದ್ಧಿ ಐತೇನು?"

"ಅದು ಇಂಗ್ಲಿಷ್ ಜೋಡಿನ ಮುಗೀತು," ಎಂದು ಮಾಮಾ ಫೋನಿಟ್ಟ.

ಅವನ ಕಲಿಕೆ ಮನೆಯೊಳಗೆ ನಿಲ್ಲುವಂಥದ್ದಾಗಿರಲಿಲ್ಲ. ನಮ್ಮ ಓಣಿಗೆ ನಳದ ನೀರು ಬರುವುದು ಅದರ ಮರ್ಜಿ. ಬಂದಾಗ ಮೊದಲು ಕಂಡವರು ಕೂಗಬೇಕು. ಮಾಮಾ ಕಟ್ಟೆಯ ಮೇಲೆ ನಿಂತು "ಆಗ್ವಾ! ಆಗ್ವಾ!" ಎಂದು ಕೂಗತೊಡಗಿದ. ಮೊದಲ ದಿನ ಜನ ಹಾವು ಬಂದಿದೆ ಎಂದು ಕೋಲು ಹಿಡಿದು ಓಡಿಬಂದರು. ತಿಂಗಳೊಪ್ಪತ್ತಿನಲ್ಲಿ ಎದುರುಮನೆಯ ಆಯಿ ಸೊಸೆಗೆ, "ಏ, ಕೊಡಾ ತಗೋ ಬೇ, ಆಗ್ವಾ ಬಂತು!" ಎನ್ನುತ್ತಿದ್ದಳು.

ಸ್ಪ್ಯಾನಿಶ್ ಹತ್ತಿದಂತೆ ಅವನಿಗೆ ಇಂಗ್ಲಿಷಿನ ಮೇಲೆ ತಾತ್ಸಾರ ಬಂತು. "ಜಿಪುಣ ಭಾಷಾ ಅದು! ಮುತ್ಯಾಗೂ ಮಮ್ಮಗಗೂ ನಾಯಿಗೂ ಒಂದ 'ಯೂ'. ಸ್ಪ್ಯಾನಿಶ್ ನಮ್ಮಂಗ. ನೀ ಬ್ಯಾರೆ, ನೀವು ಬ್ಯಾರೆ." ಆದರೆ ಅಲ್ಲೂ ಒಂದು ಕೊರತೆ ಕಂಡುಹಿಡಿದ. ಮದುವೆಯಾದಾಗಿನಿಂದ ಅವನು ಅತ್ತಿಯನ್ನು "ಏ, ಇಕಾ" ಎಂದೂ ಅತ್ತಿ ಅವನನ್ನು "ಅನ್ನಂಗ್ರಿ" ಎಂದೂ ಕರೆದವರು. ಇವೆರಡಕ್ಕೂ ಸ್ಪ್ಯಾನಿಶ್‌ನಲ್ಲಿ ಶಬ್ದ ಸಿಗಲಿಲ್ಲ. "ಹೆಂಡ್ತೀನ ಹೆಸರಿಡದ ಕರಿಯಾಕ ಬರಂಗಿಲ್ಲಂದ್ರ ಆ ಮಂದಿ ಸಂಸಾರ ಹೆಂಗ ಮಾಡತಾರವಾ?" ಎಂದು ಎರಡು ದಿನ ಚಿಂತಿಸಿದ.

ಅವನಿಗೆ ಅತಿ ಪ್ರಿಯವಾದದ್ದು ದ್ರಾಕ್ಷಿಯ ವಾಕ್ಯ. ತಿಕೋಟಾದ ನಮ್ಮ ತೋಟಕ್ಕೆ ಬಂದವನು ಗೊನೆಯೊಂದನ್ನು ಹಿಡಿದು ನನ್ನ ಅಪ್ಪನಿಗೆ ಪಾಠ ಸುರುಮಾಡಿದ. ಇಂಗ್ಲಿಷಿನಲ್ಲಿ 'ಇದೆ' ಎನ್ನಲು ಒಂದೇ ಶಬ್ದ, ಸ್ಪ್ಯಾನಿಶ್‌ನಲ್ಲಿ ಎರಡು. ಒಂದು ಹಚ್ಚಿದರೆ ದ್ರಾಕ್ಷಿಯ ಬಣ್ಣ ಹಸಿರು, ಇನ್ನೊಂದು ಹಚ್ಚಿದರೆ ದ್ರಾಕ್ಷಿ ಇನ್ನೂ ಕಾಯಿ. "ಲಾ ಊವಾ ಎಸ್ ವೆರ್ದೆ, ಪೆರೋ ನೋ ಎಸ್ತಾ ವೆರ್ದೆ! ಹಸರ ಐತಿ, ಖರೆ ಕಾಯಿ ಇಲ್ಲ! ಏನ್ ಬಾರೀಕ್, ಏನ್ ಸೂಕ್ಷ್ಮ ಭಾಷಾ ನೋಡ್ರಿ!"

ಅಪ್ಪ ಗೊನೆಯನ್ನು ಅವನ ಕೈಯಿಂದ ಬಿಡಿಸಿಕೊಂಡ. "ಬಾರೀಕ್ ಇರಲಿ ಮಾಸ್ತರ್ರ, ಹರೀಬ್ಯಾಡ್ರಿ. ಅದು ಇನ್ನೂ ಕಾಯಿನ ಐತಿ."

ಆ ವಾಕ್ಯ ಆಮೇಲೆ ನಮ್ಮ ಮನೆಯ ಸುಪ್ರಭಾತವಾಯಿತು. ಅಂಗಿಯ ಗುಂಡಿ ಹಾಕುವಾಗ ಒಮ್ಮೆ, ಸ್ನಾನಕ್ಕೆ ಒಮ್ಮೆ, ಸೀನು ಬಂದರೂ ಒಮ್ಮೆ.

ಕೊನೆಗೆ ಬಂತು ಚಹಾದ ಕಾನೂನು. ಸಂಜೆ ಯಾರೇ ಬರಲಿ, ಚಹಾ ಬೇಕಾದರೆ ಸ್ಪ್ಯಾನಿಶ್‌ನಲ್ಲಿ ಕೇಳಬೇಕು. ಶಬ್ದಗಳನ್ನು ಬಾಗಿಲಲ್ಲೇ ಹೇಳಿಕೊಡುತ್ತಿದ್ದ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಎಲ್ಲರೂ ಮರೆಯುತ್ತಿದ್ದರು. ಜೊತೆಗೊಂದು ಉಪಕಾನೂನು: ಒಬ್ಬರು ಹುಡುಕುವಾಗ ಇನ್ನೊಬ್ಬರು ಹೇಳಿಕೊಡಬಾರದು. "ಹುಡುಕೋರು ಹುಡುಕ್ಲಿ. ನಾವು ಕಾಯೂನು." ಹಾಗಾಗಿ ಗುಳಿಗೆ-ಚಾದರದ ಅದೇ ನೆಂಟರು ಈಗ ಖಾಲಿ ಕಪ್ಪಿನ ಮುಂದೆ "ಅದು... ಅದಕ್ಕೇನಂತಾರ..." ಎಂದು ಜಂತಿ ನೋಡುತ್ತಾ ಕೂರುವರು. ಮೇಷ್ಟ್ರ ಹಳೆಯ ಚಾಳಿ ಎಂದುಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಗುವುದನ್ನು ಕಂಡೆ. ನಗು ಬಂತು, ಮಾತು ಬರಲಿಲ್ಲ.

ನಿಶ್ಚಯದ ದಿನ ಅವಳನ್ನು ಕರೆದೊಯ್ದದ್ದೇ ಒಂದು ಯುದ್ಧ. "ಉಡಿ ಅಷ್ಟ ತುಂಬು, ಮಾತು ಬ್ಯಾಡ," ಎಂದು ಅವ್ವ ಆಣೆ ಮಾಡಿದ ಮೇಲೆ ಕಾರು ಹತ್ತಿದಳು. ಬಬಲೇಶ್ವರ ಮುಟ್ಟುವ ತನಕ ಮಾಮಾ ಮುಂದಿನ ಸೀಟಿನಲ್ಲಿ ದ್ರಾಕ್ಷಿ ಮಂತ್ರ ಜಪಿಸಿದ. ಒಂದಕ್ಷರ ತಪ್ಪಲಿಲ್ಲ. ಡ್ರೈವರನೂ ಕಲಿತುಬಿಟ್ಟ.

ಅತ್ತಿ ನನ್ನ ಉಡಿಯಲ್ಲಿ ಅಕ್ಕಿ, ಕುಬಸ, ತೆಂಗಿನಕಾಯಿ ಇಟ್ಟಳು. ಗಂಡಿನ ಕಡೆಯ ಬೀಗರ ಹೆಂಗಸರಿಗೆ ಅವ್ವನ ಆಣೆಯ ವಿಷಯ ಎಲ್ಲಿ ಗೊತ್ತು?

"ಸೋದರತ್ತಿಯವರು ಭಾಳ ಹೆಸರುವಾಸಿ ಅಂತ ಕೇಳೇವ್ರಿ! ಒಡಪು ಹೇಳೂ ತನಕ ಏಳಾಕ ಬಿಡಂಗಿಲ್ಲ ನೋಡ್ರಿ!"

ಅತ್ತಿಯ ಕೈ ನನ್ನ ಮೊಣಕಾಲಿನ ಮೇಲಿತ್ತು. ಅದನ್ನೇ ಊರಿ ಏಳಲು ನೋಡಿದಳು.

ಅಷ್ಟರಲ್ಲಿ ಗಂಡಸರ ಜಮಖಾನೆಯಿಂದ ಮಾಮಾ ಎದ್ದು ನಿಂತ. "ತಡೀರಿ! ಮೊದಲ ನಂದು. ಸ್ಪ್ಯಾನಿಶ್ ಒಡಪು!"

"ಯಪ್ಪಾ, ಇಲ್ಲೂ ಸುರು ಮಾಡಿದ!" ಎಂದು ಅವ್ವ ಹಣೆ ಚಚ್ಚಿಕೊಂಡಳು. ನಾನು ಉಡಿಯ ಅಕ್ಕಿಯನ್ನೇ ನೋಡುತ್ತಾ ಕೂತೆ. ಭೂಮಿ ಬಾಯಿ ಬಿಡಲಿಲ್ಲ.

"ಲಾ ಊವಾ ಎಸ್..." ಮಾಮಾನ ಮಾತು ತಡೆಯಿತು. "ಎಸ್... ಅದಕ್ಕೇನಂತಾರ..." ತಲೆ ಕೆರೆದುಕೊಂಡ. ಚಾವಣಿ ನೋಡಿದ. ಬೀಗರೆಲ್ಲ ಕೊಳ್ಳೆಂದು ನಕ್ಕರು.

"ವೆರ್ದೆ!" ಎಂದಿತು ನನ್ನ ಪಕ್ಕದಿಂದ ಒಂದು ದನಿ.

"ಹಾಂ, ವೆರ್ದೆ! ಪೆರೋ ನೋ... ನೋ..."

"ಎಸ್ತಾ ವೆರ್ದೆ!" ಅತ್ತಿಗೆ ಈಗ ನಗು ತಡೆಯಲಾಗುತ್ತಿರಲಿಲ್ಲ. ಬೀಗಿತ್ತಿಯ ಕಡೆ ತಿರುಗಿ, ನಿಧಾನವಾಗಿ, "ಅಂದ್ರ... ಹಸರಿದ್ರೂ... ಸಿಹಿ... ತಿಕೋಟಾದ ದ್ರಾಕ್ಷಿ," ಎಂದಳು.

ಅಲ್ಲಿಗೆ ನಿಂತಳು. ಶಬ್ದ ಅಡಗಿ ಕೂತಿತ್ತು. ಬೀಗಿತ್ತಿಯೊಬ್ಬಳು ಹೇಳಿಕೊಡಲು ಬಾಯಿ ತೆರೆದಳು. ಆದರೆ ಚಹಾದ ಕಾನೂನಿನಲ್ಲಿ ಪಳಗಿದ ನಮ್ಮ ಕಡೆಯವರೆಲ್ಲ ಒಟ್ಟಿಗೆ "ಶ್!" ಎಂದರು. ಯಾರೂ ಅವಳನ್ನು ಮರುಕದಿಂದ ನೋಡಲಿಲ್ಲ. ಹುಡುಕುವುದು ನಮಗೆಲ್ಲ ದಿನದ ಕೆಲಸವಾಗಿತ್ತು. ಕಾದೆವು.

"...ರಾಯರ ಹುಚ್ಚಿಗೆ ನಾನ... ನಾನ ಸಾಕ್ಷಿ!"

'ರಾಯರ' ಎನ್ನುವ ಮೊದಲು ಅವಳು ಹೇಳಿದ ಗಂಡನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವಳದು.

ಮರಳುವಾಗ ಕಾರಿನಲ್ಲಿ ಅತ್ತಿ ವಿಜಯಪುರದ ತನಕ ಅವನನ್ನು ಬೈದಳು, ನಿಂತು ನಿಂತು, ಹುಡುಕಿ ಹುಡುಕಿ. "ಹಗಲೂ ರಾತ್ರಿ... ಒದರಿದ್ದ ಒದರಿದ್ದು. ನಾಕ ಮಂದಿ ಮುಂದ... ಒಂದ ಮಾತು ನೆಪ್ಪ ಬರಂಗಿಲ್ಲ... ಅನ್ನಂಗ್ರಿ, ನಿಮಗ!"

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

"ವಯಸ್ಸಾತು," ಎಂದ ಮಾಮಾ. "ಮರೀತೇನಿ. ನೀ ಜೋಡಿ ಇರಬೇಕು ನೋಡು, ಹೇಳಿಕೊಡಾಕ."